ಬ್ಯಾಂಕಾಕಿಗೆ ಹೊರಟ ಪುಟ್ಟುವಿಗೆ

ಸಾಗರ,
ಭಾನುವಾರ

ಚಿ. ಪುಟ್ಟುವಿಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನೀನು, ನಿನ್ನ ಹೆಂಡತಿ ಇಬ್ಬರೂ ಕ್ಷೇಮ ಅಂತ ನಿಮ್ಮಮ್ಮ, ಅಂದರೆ ನನ್ನ ಅತ್ತಿಗೆ, ಫೋನಿನಲ್ಲಿ ಹೇಳಿದರು.

ಅತ್ತಿಗೆಯನ್ನೂ ಕರೆದುಕೊಂಡು ಬ್ಯಾಂಕಾಕ್ ಸುತ್ತಲು ನೀನು ಮಾಡಿ ಕಳಿಸಿದ ಪಟ್ಟಿ ಬಂತು. ಫೋನಿನಲ್ಲಿ ಅಕ್ಷರಗಳು ಇರುವೆ ಸಾಲಿನ ಹಾಗೆ ಕಂಡವು. ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ಮೂರು ಹಾಳೆ ಆಯಿತು. ನಾಲ್ಕು ದಿನಕ್ಕೆ 27 ಜಾಗ. ಬೆಳಿಗ್ಗೆ 6.30ಕ್ಕೆ ಶುರು, ರಾತ್ರಿ 10.45ಕ್ಕೆ ಮುಗಿತಾಯ. ನಡುವೆ ‘ಊಟ, 25 ನಿಮಿಷ’ ಅಂತ ಬರೆದಿದ್ದೀಯ. ಮಾರಾಯ, ಅತ್ತಿಗೆಗೆ ಒಂದು ಲೋಟ ಕಾಫಿ ಆರಿಸಿ ಕುಡಿಯೋಕೇ ಅಷ್ಟು ಹೊತ್ತು ಬೇಕು.

ಕೆಂಪು ಪೆನ್ ಹಿಡಿದು ಕೂತೆ. 27ರಲ್ಲಿ 8 ಉಳಿಸಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡ. ಪೂರ್ತಿ ಓದು.

ಬ್ಯಾಂಕಾಕಿನಲ್ಲಿ ನಾನು ಐದು ವರ್ಷ ಇದ್ದೆ, 1998ರಿಂದ 2003ರವರೆಗೆ, ಒಂದು ನೂಲಿನ ಕಂಪನಿಯ ಲೆಕ್ಕಪತ್ರ ನೋಡಿಕೊಂಡು. ಅದು ನಿನಗೆ ಗೊತ್ತಿರುವ ಕಥೆ. ಗೊತ್ತಿಲ್ಲದ್ದು ಇನ್ನೊಂದಿದೆ. ಆಗ ನಿನ್ನ ಚಿಕ್ಕಮ್ಮ ಮಕ್ಕಳ ಸ್ಕೂಲು ಅಂತ ಇಲ್ಲೇ ಉಳಿದಳು. ಆಮೇಲೆ, ರಿಟೈರ್ ಆದ ವರ್ಷ, ಅವಳನ್ನು ಒಂದ್ಸಲ ಕರೆದುಕೊಂಡು ಹೋದೆ. ನನ್ನ ಊರು ತೋರಿಸುತ್ತೇನೆ ಅನ್ನೋ ಉಮೇದಿನಲ್ಲಿ ನಿನ್ನ ಹಾಗೇ ಪಟ್ಟಿ ಮಾಡಿದ್ದೆ. ಮೂರು ದಿನ ಟ್ಯಾಕ್ಸಿಯಲ್ಲೇ ಓಡಾಡಿಸಿದೆ. ‘ಹೇಗಿತ್ತು ಬ್ಯಾಂಕಾಕು?’ ಅಂತ ಯಾರಾದರೂ ಕೇಳಿದರೆ ಇವತ್ತಿಗೂ ಅವಳ ಉತ್ತರ ಒಂದೇ: ‘ಕಾರಿನ ಹಿಂದಿನ ಕೆಂಪು ದೀಪ ಚೆನ್ನಾಗಿತ್ತು.’ ಆ ತಪ್ಪು ನೀನು ಅತ್ತಿಗೆ ವಿಷಯದಲ್ಲಿ ಮಾಡಬಾರದು ಅಂತ ಇಷ್ಟುದ್ದ ಬರೆಯುತ್ತಿದ್ದೇನೆ. ಅಣ್ಣ ಹೇಗೂ ಬರಲ್ಲ. ಅಡಿಕೆ ಕೊನೆಕೊಯ್ಲಿನ ಹೊತ್ತು, ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಕ್ಕಿದ ದಿನವೇ ಕೆಲಸ ಆಗಬೇಕು, ಜನವರಿಯಲ್ಲಿ ಅವನನ್ನು ತೋಟದಿಂದ ಎಬ್ಬಿಸೋಕೆ ಆಗಲ್ಲ. ಆದರೆ ತಿಂಗಳು ಒಳ್ಳೆಯದನ್ನೇ ಆರಿಸಿದ್ದೀಯ. ನವೆಂಬರಿನಿಂದ ಫೆಬ್ರವರಿ ತನಕ ಅಲ್ಲಿ ಉಸಿರಾಡಬಹುದು. ಏಪ್ರಿಲ್‌ನಲ್ಲಿ ಬೇಯುತ್ತದೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿಯುತ್ತದೆ.

ಮೊದಲು ಹೋಟೆಲ್ ವಿಚಾರ, ಯಾಕೆಂದರೆ ಅದೊಂದು ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ನೀನು ಈಜುಕೊಳದ ಫೋಟೋ ನೋಡಿ ಆರಿಸಿದ್ದೀಯ. ನಕ್ಷೆ ತೆಗೆದು ನೋಡು. ಆ ಹೋಟೆಲು ಒಂದು ಸೋಯಿಯ ಕೊನೆಯಲ್ಲಿದೆ. ಸೋಯಿ ಅಂದರೆ ಅಲ್ಲಿ ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಗಲ್ಲಿ. ಕೆಲವು ಸೋಯಿ ಕಿಲೋಮೀಟರುಗಟ್ಟಲೆ ಒಳಗೆ ಹೋಗುತ್ತವೆ. ಅಲ್ಲಿನವರು ಸೋಯಿಯ ಬಾಯಲ್ಲಿ ನಿಂತಿರುವ, ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಬೈಕ್ ಟ್ಯಾಕ್ಸಿಯವರ ಹಿಂದೆ ಕೂತು ಹೋಗುತ್ತಾರೆ. ಅತ್ತಿಗೆಯನ್ನು ಸೀರೆಯಲ್ಲಿ ಬೈಕಿನ ಹಿಂದೆ ಕೂರಿಸುತ್ತೀಯಾ?

1999ರ ಡಿಸೆಂಬರ್ 5ಕ್ಕೆ ಅಲ್ಲಿ ಕಂಬದ ಮೇಲಿನ ರೈಲು ಶುರುವಾಯಿತು. ಬಿಟಿಎಸ್ ಅನ್ನುತ್ತಾರೆ. ಅದಕ್ಕೂ ಮುಂಚೆ ಆಫೀಸಿಗೆ ಹೋಗಲು ನನಗೆ ಒಂದೂವರೆ ಗಂಟೆ ಬೇಕಿತ್ತು. ಆಮೇಲೆ 20 ನಿಮಿಷ. 2004ರಲ್ಲಿ ನೆಲದಡಿಯ ಮೆಟ್ರೋನೂ ಬಂತು. ರಸ್ತೆ ಮಾತ್ರ ಇವತ್ತಿಗೂ ಹಾಗೇ ಇದೆ. ಬೆಂಗಳೂರಿನಲ್ಲಿರುವ ನಿನಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಅಂದರೆ ಸಾಕಲ್ವಾ? ಹಾಗಾಗಿ ಈಜುಕೊಳ ಬಿಡು, ಸ್ಟೇಷನ್ನಿಗೆ ಐದು ನಿಮಿಷದ ನಡಿಗೆಯಲ್ಲಿರುವ ಹೋಟೆಲ್ ಹುಡುಕು. ಸೀಲೊಮ್, ಸಾತೊರ್ನ್ ಕಡೆ ಆದರೆ ಒಳ್ಳೆಯದು. ಅಲ್ಲಿ ಸಪಾನ್ ತಕ್ಸಿನ್ ಅಂತ ಒಂದು ಸ್ಟೇಷನ್ ಇದೆ. ರೈಲಿಳಿದು ಮೆಟ್ಟಿಲಿಳಿದರೆ ಎದುರಿಗೇ ಛಾವ್ ಪ್ರಯಾ ನದಿ, ದೋಣಿಕಟ್ಟೆ. ರೈಲೂ ನದಿಯೂ ಕೈಗೆ ಸಿಗುವ ಜಾಗ ಅದು. ಎಲ್ಲ ಗೇಟಿಗೂ ಲಿಫ್ಟ್ ಇರುವುದಿಲ್ಲ. ಲಿಫ್ಟಿರುವ ಗೇಟು ಯಾವುದು ಅಂತ ನೋಡಿಟ್ಟುಕೋ. ಅತ್ತಿಗೆ ಮಂಡಿನೋವು ಅಂತ ತಾವಾಗಿ ಹೇಳುವವರಲ್ಲ. ಎರಡನೇ ದಿನ ಸುಮ್ನೆ ಮಂಚದ ಮೇಲೆ ಕೂತಿರುತ್ತಾರೆ, ‘ನೀವಿಬ್ಬರೂ ಹೋಗಿ ಬನ್ನಿ’ ಅನ್ನುತ್ತಾರೆ. ಆಗ ಅರ್ಥ ಮಾಡಿಕೊಂಡರೆ ತಡವಾಗಿರುತ್ತದೆ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. 2024ರ ಜುಲೈಯಲ್ಲಿ ಅವರು ನಮ್ಮವರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟರು. ಇಂಥ ನಿಯಮ ಆಗಾಗ ಬದಲಾಗುತ್ತವೆ. ಟಿಕೆಟ್ ಮಾಡುವ ಮುಂಚೆ ಅವರ ರಾಯಭಾರ ಕಚೇರಿಯ ಸೈಟಿನಲ್ಲೇ ನೋಡು, ಸ್ನೇಹಿತರ ಮಾತು ಕೇಳಿಕೊಂಡು ಹೊರಡಬೇಡ. 2025ರ ಮೇ 1ರಿಂದ ಒಂದು ಡಿಜಿಟಲ್ ಆಗಮನ ಚೀಟಿ ಕಡ್ಡಾಯ ಮಾಡಿದ್ದಾರೆ. ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಸೈಟು ಸಿಕ್ಕರೆ ಅದು ಸರ್ಕಾರದ್ದಲ್ಲ ಅಂತ ತಿಳಿ. ಮೂವರಿಗೂ ಬೇರೆಬೇರೆ ತುಂಬು. ಅತ್ತಿಗೆಯ ಬಿಪಿ ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲಿರಲಿ. ಇನ್ನೊಂದು. ನೀನು ಆ ಕರೆಂಟಿನ ಸಿಗರೇಟು ಸೇದುವುದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯ. ಗೊತ್ತು. ನಮ್ಮಲ್ಲಿ ಅದರ ಮಾರಾಟಕ್ಕೆ 2019ರಿಂದ ನಿಷೇಧ ಇದೆ, ಅಲ್ಲೂ ಅದು ಕಾನೂನಿಗೆ ವಿರುದ್ಧ. ತಗೊಂಡು ಹೋಗಬೇಡ.

ಬುಧವಾರ ರಾತ್ರಿ ಬೆಂಗಳೂರು ಬಿಟ್ಟರೆ ಬೆಳಗಿನ ಜಾವ ಇಳಿಯುತ್ತೀರಿ. ನಾಲ್ಕು ಗಂಟೆಯೊಳಗಿನ ಹಾರಾಟ. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಅಂದರೆ ಆ ರಾತ್ರಿ ನಿದ್ದೆ ಅನ್ನೋದು ಹೆಸರಿಗಷ್ಟೇ. ರೂಮು ಮಧ್ಯಾಹ್ನದ ತನಕ ಸಿಗುವುದಿಲ್ಲ. ನಿನ್ನ ಪಟ್ಟಿಯಲ್ಲಿ ಅದೇ ಬೆಳಿಗ್ಗೆ 9ಕ್ಕೆ ಅರಮನೆ ಅಂತಿದೆ. ಹೊಡೆದು ಹಾಕಿದ್ದೇನೆ. ಒಂದಿಷ್ಟು ದುಡ್ಡು ಹೆಚ್ಚು ಕೊಟ್ಟಾದರೂ ರೂಮು ಬೇಗ ಕೊಡುತ್ತಾರಾ ಅಂತ ಹೋಟೆಲಿನವರನ್ನು ಈಗಲೇ ಕೇಳು. ಸ್ನಾನ ಮಾಡಿ ಮಲಗಿ.

ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಅವರ ಬಾಯಲ್ಲಿ ಅದು ಸುವನ್ನಫೂಮ್. ಊರಿಗೆ ರೈಲಿದೆ, ಫಯಾ ಥಾಯಿ ತನಕ ಅರ್ಧ ಗಂಟೆಯೊಳಗೆ ಹೋಗುತ್ತದೆ, ಅಗ್ಗ. ನೀವಿಬ್ಬರೇ ಆಗಿದ್ದರೆ ಅದರಲ್ಲೇ ಹೋಗಿ ಅನ್ನುತ್ತಿದ್ದೆ. ಮೂವರು, ಸೂಟ್‌ಕೇಸು, ನಿದ್ದೆಗೆಟ್ಟ ಅಮ್ಮ ಅಂದರೆ ಟ್ಯಾಕ್ಸಿಯೇ ಸರಿ. ಕೆಳಗಿನ ಅಂತಸ್ತಿನಲ್ಲಿ ಯಂತ್ರದಿಂದ ಚೀಟಿ ತಗೊಂಡು ಅದರಲ್ಲಿರುವ ನಂಬರಿನ ಟ್ಯಾಕ್ಸಿಗೆ ಹೋಗು. ಮೀಟರ್ ಹಾಕಿದ್ದಾನಾ ನೋಡು. ಅದರ ಮೇಲೆ ನಿಲ್ದಾಣದ ಒಂದು ಸಣ್ಣ ಶುಲ್ಕ, ಎತ್ತರದ ರಸ್ತೆಯ ಟೋಲ್ ನಿಮ್ಮದೇ. ದುಡ್ಡು ಬದಲಿಸುವುದಾದರೆ ಮೇಲಿನ ಅಂತಸ್ತಿನ ಕೌಂಟರುಗಳಲ್ಲಿ ಬೇಡ. ರೈಲಿನ ಕಡೆ, ತಳಮಹಡಿಯಲ್ಲಿರುವ ಕೌಂಟರುಗಳಲ್ಲಿ ಒಂದಷ್ಟು ಜಾಸ್ತಿ ಸಿಗುತ್ತದೆ. ಅವರ ದುಡ್ಡಿನ ಹೆಸರು ಬಾತ್. ‘ವಾಂಗಿಯೋ, ಬಿಸಿಬೇಳೆಯೋ’ ಅಂತ ನಿನ್ನ ಚಿಕ್ಕಮ್ಮ ಅಲ್ಲಿ ಮೂರು ದಿನವೂ ಕೇಳಿದಳು.

ಆ ಸಂಜೆ ಲುಂಪಿನಿ ಪಾರ್ಕಿಗೆ ಹೋಗಿ. ಲುಂಬಿನಿ ಅಂತಲೇ ಅರ್ಥ. ಕೆರೆ ದಂಡೆಯಲ್ಲಿ ಆಳುದ್ದದ ಉಡಗಳು ಓಡಾಡುತ್ತಿರುತ್ತವೆ, ಹೆದರಬೇಡಿ, ಅವುಗಳ ಪಾಡಿಗೆ ಅವು ಇರುತ್ತವೆ. ಆ ಪ್ರಾಣಿಯ ಹೆಸರು ಥಾಯ್ ಭಾಷೆಯಲ್ಲಿ ಬೈಗುಳ. ಆದ್ದರಿಂದ ಯಾರನ್ನೂ ಹೆಸರು ಕೇಳಿ ಕಲಿಯೋಕೆ ಹೋಗಬೇಡ. 6 ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತದೆ. ಓಡುತ್ತಿದ್ದವರು ಓಡುತ್ತಿದ್ದಲ್ಲೇ ನಿಲ್ಲುತ್ತಾರೆ, ನೂರಾರು ಜನ, ಬೆವರು ಸುರಿಸಿಕೊಂಡು. ನೀವೂ ನಿಲ್ಲಿ. ಬೆಳಿಗ್ಗೆ 8ಕ್ಕೂ ಹೀಗೇ, ಸ್ಟೇಷನ್ನಿನಲ್ಲೂ ಹೀಗೇ. ಮತ್ತೆ ರಾಜಮನೆತನದ ಬಗ್ಗೆ ತಮಾಷೆ, ಟೀಕೆ, ಫೋನಿನಲ್ಲಿ ಪೋಸ್ಟು, ಏನೂ ಬೇಡ. ಅಲ್ಲಿನ ಕಾನೂನಿನಲ್ಲಿ ಅದಕ್ಕೆ 3ರಿಂದ 15 ವರ್ಷ ಜೈಲು.

ಈಗ ಅರಮನೆಗೆ ಬರೋಣ. ಶುಕ್ರವಾರ ಪೂರ್ತಿ ಅದಕ್ಕೇ ಇಡು. ಪೂರ್ತಿ ದಿನ ಒಂದೇ ಜಾಗಕ್ಕಾ ಅನ್ನಬೇಡ. ಕಾರಣ ಹೇಳುತ್ತೇನೆ.

ದೋಣಿಕಟ್ಟೆಗೆ 8 ಗಂಟೆಗೇ ಹೋಗಿ. ಕಿತ್ತಳೆ ಬಾವುಟದ ದೋಣಿ ಅಗ್ಗ, ಊರಿನವರು ಆಫೀಸಿಗೆ ಹೋಗುವುದು ಅದರಲ್ಲೇ. ಹಿಂದೆ ನಿಂತ ಕಂಡಕ್ಟರ್ ಪೀಪಿ ಊದುತ್ತಾನೆ, ಚಾಲಕ ಆ ಪೀಪಿ ಕೇಳಿಕೊಂಡೇ ದೋಣಿಯನ್ನು ಕಟ್ಟೆಗೆ ತಾಗಿಸುತ್ತಾನೆ, ಜನ ಹಾರಿ ಇಳಿಯುತ್ತಾರೆ, ಹಾರಿ ಹತ್ತುತ್ತಾರೆ, ಅಷ್ಟರಲ್ಲಿ ದೋಣಿ ಬಿಟ್ಟಿರುತ್ತದೆ. ನನಗೆ ಅದು ಬಲು ಇಷ್ಟ. ಆದರೆ ಅತ್ತಿಗೆ ಜೊತೆಗೆ ಪ್ರವಾಸಿಗರ ದೋಣಿಯಲ್ಲೇ ಹೋಗು. ದುಡ್ಡು ಜಾಸ್ತಿ, ಕೂರೋಕೆ ಜಾಗ ಇರುತ್ತದೆ, ನಿಧಾನಕ್ಕೆ ಇಳಿಸುತ್ತಾರೆ. ಥಾ ಛಾಂಗ್ ಕಟ್ಟೆಯಲ್ಲಿ ಇಳಿಯಿರಿ. ಥಾ ಅಂದರೆ ಕಟ್ಟೆ, ಛಾಂಗ್ ಅಂದರೆ ಆನೆ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಒಳಗೆ ಬಿಡಲ್ಲ. ಅತ್ತಿಗೆಗೆ ಆ ಚಿಂತೆಯಿಲ್ಲ. ನಿನ್ನ ಅರ್ಧ ಚಡ್ಡಿಯದ್ದೇ ಚಿಂತೆ.

ಕಟ್ಟೆಯಿಂದ ಬಾಗಿಲಿಗೆ ನಡೆಯುವಾಗ ಒಬ್ಬ ಸಿಗುತ್ತಾನೆ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಏನೋ ಒಂದು ಕಾರ್ಡು, ಮೆಲುದನಿ. ‘ಯಾವ ದೇಶ? ಇಂಡಿಯಾ? ಒಳ್ಳೆಯ ಜನ. ಆದರೆ ಇವತ್ತು ಬೌದ್ಧರ ಹಬ್ಬ, ಅರಮನೆ ಒಂದು ಗಂಟೆಗೆ ತೆರೆಯೋದು’ ಅನ್ನುತ್ತಾನೆ. ಜೇಬಿನಿಂದ ನಕ್ಷೆ ತೆಗೆದು ಮೂರು ಸುತ್ತು ಹಾಕಿ ತೋರಿಸುತ್ತಾನೆ: ಅಲ್ಲಿಯ ತನಕ ಇವನ್ನು ನೋಡಿ ಬನ್ನಿ, ಟುಕ್‌ಟುಕ್‌ನವನು 20 ಬಾತಿಗೆ ಎಲ್ಲ ಸುತ್ತಿಸುತ್ತಾನೆ. ಟುಕ್‌ಟುಕ್ ಪಕ್ಕದಲ್ಲೇ ನಿಂತಿರುತ್ತದೆ. ಈ ಕಥೆ ನನಗೆ ಹೇಗೆ ಗೊತ್ತು ಅಂತ ಕೇಳು. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ನಾನು ಹತ್ತಿ ಕೂತೆ. ಮೊದಲು ಒಂದು ಗುಡಿ. ಗುಡಿಯಲ್ಲಿ ಇನ್ನೊಬ್ಬ ಸಂಭಾವಿತ, ‘ಇವತ್ತು ರತ್ನದ ಮೇಲೆ ಸರ್ಕಾರದ ತೆರಿಗೆ ವಿನಾಯಿತಿ, ಕೊನೇ ದಿನ’ ಅಂದ. ಆಮೇಲೆ ಒಂದು ಅಂಗಡಿ. ತಣ್ಣನೆ ನೀರು ಕೊಟ್ಟರು, ಕುರ್ಚಿ ಹಾಕಿದರು. 4,000 ಬಾತ್ ಕೊಟ್ಟು ನೀಲದ ಉಂಗುರ ತಗೊಂಡೆ. ರಜೆಗೆ ಊರಿಗೆ ಬಂದಾಗ ನಮ್ಮ ಅಕ್ಕಸಾಲಿಗರು ಅದನ್ನು ಕಣ್ಣಿಗೆ ಹಿಡಿದು ನೋಡಿ, ‘ಬೆಳ್ಳಿ ಚೆನ್ನಾಗಿದೆ’ ಅಂದರು. ಅಷ್ಟೇ ಅಂದರು. ಲೆಕ್ಕಪತ್ರ ನೋಡುವವನ ಕೈಯಲ್ಲಿ ಆ ಉಂಗುರ! ಹಾಗಾಗಿ, ಯಾರು ಏನೇ ಹೇಳಲಿ, ಬಾಗಿಲ ತನಕ ನೀನೇ ನಡೆದು ಹೋಗಿ ನೋಡು. ಬಾಗಿಲಿನ ಹೆಸರು ವಿಸೇತ್ ಛೈ ಸೀ. ವಿಶೇಷ ಜಯ ಶ್ರೀ. 8.30ಕ್ಕೆ ತೆರೆದಿರುತ್ತದೆ.

ಒಳಗೆ ಪಚ್ಚೆ ಬುದ್ಧನ ಗುಡಿ ಇದೆ. ವಿಗ್ರಹ ಒಂದೂವರೆ ಮೊಳದಷ್ಟು, 66 ಸೆಂಟಿಮೀಟರ್. ಎತ್ತರದಲ್ಲಿ ಕೂತಿದೆ, ದೂರದಿಂದ ಸಣ್ಣದಾಗಿ ಕಾಣುತ್ತದೆ. ವರ್ಷಕ್ಕೆ ಮೂರು ಸಲ, ಬೇಸಿಗೆ, ಮಳೆ, ಚಳಿ ಶುರುವಾದಾಗ, ರಾಜನೇ ಬಂದು ಅದರ ಉಡುಪು ಬದಲಿಸುತ್ತಾನೆ. ನೀವು ಹೋಗುವಾಗ ಚಳಿಗಾಲದ ಚಿನ್ನದ ಹೊದಿಕೆ ಇರುತ್ತದೆ. ಕಾಲು ಬುದ್ಧನ ಕಡೆ ಚಾಚಬೇಡಿ, ಹಿಂದಕ್ಕೆ ಮಡಚಿ ಕೂರಬೇಕು. ಅತ್ತಿಗೆಗೆ ಹಾಗೆ ಕೂರಲು ಕಷ್ಟ ಆದರೆ ನಿಂತೇ ನಮಸ್ಕಾರ ಮಾಡಿ ಬರಲಿ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ.

ಜನ ಇಷ್ಟು ನೋಡಿ, ಹೊಳೆಯುವ ಗೋಪುರದ ಮುಂದೆ ಫೋಟೋ ಹೊಡೆದುಕೊಂಡು ಹೊರಟುಬಿಡುತ್ತಾರೆ. ನೀನು ಹೊರಡಬೇಡ. ಗುಡಿಯ ಸುತ್ತ ಒಂದು ಪೌಳಿ ಇದೆ, ನಮ್ಮ ದೇವಸ್ಥಾನದ ಪೌಳಿಯ ಹಾಗೇ, ಮಾಡು ಇದೆ, ನೆರಳಿದೆ. ಆ ಗೋಡೆಯ ಉದ್ದಕ್ಕೂ ರಾಮಾಯಣ ಬರೆದಿದ್ದಾರೆ. 178 ಚಿತ್ರ. ಅವರು ರಾಮಕಿಯನ್ ಅನ್ನುತ್ತಾರೆ. ಈ ಅರಮನೆ 1782ರಲ್ಲಿ ಕಟ್ಟಲು ಶುರು ಮಾಡಿದ ರಾಜನೇ ಆ ಕಾವ್ಯವನ್ನೂ ಹೇಳಿ ಬರೆಸಿದ. ಅವನನ್ನು ಒಂದನೇ ರಾಮ ಅನ್ನುತ್ತಾರೆ. ಈಗಿನ ರಾಜ ಹತ್ತನೇ ರಾಮ.

ಪ್ರದಕ್ಷಿಣೆ ಹಾಕಿಕೊಂಡು ಹೋಗಿ. ಶುರುವಿನಲ್ಲಿ ಜನಕ ನೇಗಿಲು ಹೊಡೆಯುತ್ತಾನೆ, ಸೀತೆ ಸಿಗುತ್ತಾಳೆ. ಆದರೆ ಅವರ ಕಥೆಯಲ್ಲಿ ಆ ಮಗು ರಾವಣನ ಮಗಳು. ಅವನ ಹೆಸರು ಅಲ್ಲಿ ಥೊತ್ಸಕನ್, ದಶಕಂಠ. ಅಪಶಕುನ ಅಂತ ನೀರಿಗೆ ಬಿಟ್ಟ ಮಗು ಅದು. ನೀನು ಇದನ್ನು ಹೇಳಿದರೆ ಅತ್ತಿಗೆಗೆ ಏನೂ ಆಶ್ಚರ್ಯ ಆಗಲ್ಲ ನೋಡು. ನಮ್ಮ ಜನಪದದಲ್ಲೂ ರಾವಣ ಮಾವಿನ ಹಣ್ಣು ತಿಂದು ಬಸಿರಾಗಿ, ಸೀನಿದಾಗ ಹುಟ್ಟಿದವಳೇ ಸೀತೆ ಅಂತ ಹಾಡುತ್ತಾರಲ್ವಾ. ಹನುಮಂತ ಮಾತ್ರ ಬೇರೆ ಥರ. ಬ್ರಹ್ಮಚಾರಿ ಅಲ್ಲವೇ ಅಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದ್ದೊಯ್ಯುವ ಮತ್ಸ್ಯಕನ್ಯೆಯನ್ನು ಹಿಡಿಯೋಕೆ ಹೋಗಿ ಅವಳಿಗೇ ಮನಸೋಲುತ್ತಾನೆ. ಅತ್ತಿಗೆ ‘ಶಿವ ಶಿವಾ’ ಅನ್ನುತ್ತಾರೆ, ಆಮೇಲೆ ನಗುತ್ತಾರೆ.

ಒಂದು ಚಿತ್ರವನ್ನು ಬಿಡದೆ ಹುಡುಕು. ಬೆಟ್ಟದಷ್ಟು ದೊಡ್ಡ ಬಿಳಿ ಹನುಮಂತ ಬಾಯಿ ತೆರೆದು ಕೂತಿದ್ದಾನೆ. ಬಾಯೊಳಗೆ ಒಂದು ಮಂಟಪ. ಮಂಟಪದೊಳಗೆ ರಾಮ. ರಾತ್ರಿ ಮೈಯರಾಪ್ ಬಂದು ಕದ್ದೊಯ್ಯಬಾರದು ಅಂತ ಅವನು ರಾಮನನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದಾನೆ. ಮೈಯರಾಪ್ ಯಾರು ಗೊತ್ತಾಯಿತಾ? ನಮ್ಮ ಮೈರಾವಣ! ನಮ್ಮಲ್ಲಿ ಹನುಮಂತ ಬಾಲದ ಕೋಟೆ ಕಟ್ಟಿ ಕಾಯುತ್ತಾನೆ, ಅಲ್ಲಿ ಬಾಯಲ್ಲಿಟ್ಟುಕೊಂಡು. ಎರಡು ಕಡೆಯೂ ಕಳ್ಳತನ ಆಗೇ ಆಗುತ್ತದೆ. ಅತ್ತಿಗೆಯ ಅಪ್ಪ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದವರು. ಮೈರಾವಣನ ಆಟ ಇದ್ದ ರಾತ್ರಿ ಇವರು ಚಾಪೆ ಮೇಲೆ ಎದ್ದು ಕೂತು ಬೆಳಗು ಮಾಡಿದ್ದನ್ನು ಮದುವೆಯಾಗಿ ಬಂದ ಹೊಸದರಲ್ಲಿ ನಮಗೆಲ್ಲ ಹೇಳಿದ್ದರು. ಆಗ ನಾನು ಹೈಸ್ಕೂಲು. ಆ ಚಿತ್ರದ ಮುಂದೆ ಅವರನ್ನು ನಿಲ್ಲಿಸು. ಗೈಡ್ ಬೇಡ, ಕಿವಿಗೆ ಹಾಕುವ ಯಂತ್ರ ಬೇಡ. ಕಥೆ ಅವರೇ ಹೇಳುತ್ತಾರೆ, ನೀನು ಕೇಳು. ನಿನ್ನ ಚಿಕ್ಕಮ್ಮನನ್ನು ಕರೆದುಕೊಂಡು ಹೋದಾಗ ಈ ಪೌಳಿಗೆ ನಾನು ಕೊಟ್ಟದ್ದು ಹತ್ತು ನಿಮಿಷ. ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು.

ಮಧ್ಯಾಹ್ನ ವಾಟ್ ಫೋಗೆ ಹೋಗಿ, ಅಲ್ಲಿಂದ ಹತ್ತಿರ. ವಾಟ್ ಅಂದರೆ ಗುಡಿ. ಮಲಗಿದ ಬುದ್ಧ, 46 ಮೀಟರ್ ಉದ್ದ. ಪಾದದಲ್ಲಿ ಮುತ್ತಿನ ಚಿಪ್ಪಿನಿಂದ 108 ಮಂಗಳ ಚಿಹ್ನೆ ಕೂರಿಸಿದ್ದಾರೆ. ಬೆನ್ನಿನ ಕಡೆ ಸಾಲಾಗಿ 108 ಕಂಚಿನ ಬಟ್ಟಲು. ಚಿಲ್ಲರೆ ತಗೊಂಡು ಒಂದೊಂದಕ್ಕೆ ಒಂದೊಂದು ನಾಣ್ಯ ಹಾಕುತ್ತಾ ಹೋಗಬೇಕು, ಟಿಣ್ ಟಿಣ್ ಅಂತ ಇಡೀ ಮಂಟಪ ಸದ್ದು ಮಾಡುತ್ತಿರುತ್ತದೆ. ಅಲ್ಲೇ ಆವರಣದಲ್ಲಿ ಮಸಾಜ್ ಕಲಿಸುವ ಹಳೆಯ ಶಾಲೆ ಇದೆ. ಅತ್ತಿಗೆಗೆ ಪಾದದ್ದು ಮಾತ್ರ ಮಾಡಿಸು. ಮಂಡಿನೋವು ಇದೆ ಅಂತ ಮೊದಲೇ ಹೇಳಿಬಿಡು. ಬೇಡ ಬೇಡ ಅನ್ನುತ್ತಾರೆ, ದುಡ್ಡು ಕಟ್ಟಿ ಆಗಿದೆ ಅನ್ನು. ಸಂಜೆ ಥಾ ತಿಯನ್ ಕಟ್ಟೆಯ ಹತ್ತಿರ ಕೂತು ಎದುರು ದಡದ ವಾಟ್ ಅರುಣ್ ನೋಡಿ. ಸೂರ್ಯನ ಸಾರಥಿ ಅರುಣನ ಹೆಸರು. ಮೈತುಂಬ ಪಿಂಗಾಣಿ ಚೂರು ಅಂಟಿಸಿದ ಗೋಪುರ. ಹತ್ತುವ ಮೆಟ್ಟಿಲು ಏಣಿಯ ಹಾಗೆ ಕಡಿದು. ಈ ದಡದಿಂದ ನೋಡಿದರೇ ಚಂದ.

ಊಟದ ವಿಷಯ. ಅಲ್ಲಿ ತರಕಾರಿ ಅಂತ ಕೊಟ್ಟದ್ದರಲ್ಲೂ ನಾಮ್ ಪ್ಲಾ ಇರುತ್ತದೆ, ಮೀನಿನ ರಸ, ನಾವು ಉಪ್ಪು ಹಾಕಿದ ಹಾಗೆ ಅವರು ಅದನ್ನು ಹಾಕುತ್ತಾರೆ. ಸಿಂಪಿಯ ಸಾಸು, ಸಿಗಡಿಯ ಗಟ್ಟಿ ಚಟ್ನಿಯೂ ಸೇರಿಕೊಂಡಿರಬಹುದು. ಸಸ್ಯಾಹಾರಕ್ಕೆ ಅವರ ಮಾತು ‘ಮಂಗ್‌ಸವಿರತ್’. ಒಡೆದು ನೋಡು: ಮಾಂಸ ವಿರತಿ. ಅತ್ತಿಗೆಗೆ ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ. ಆದರೆ ಅದರಲ್ಲಿ ಮೊಟ್ಟೆ ಬರಬಹುದು. ಅದಕ್ಕಿಂತ ಗಟ್ಟಿ ಮಾತು ‘ಜೇ’. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತಾರೆ, ನೋಡಲು 17 ಅಂತ ಕಾಣುತ್ತದೆ. ಜೇ ಅಂದರೆ ಮೀನು, ಮಾಂಸ, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಏಕಾದಶಿ ಮಾಡುವ ಮನೆಯವರಿಗೆ ಇನ್ನೇನು ಬೇಕು? ಅದನ್ನು ಥಾಯ್ ಅಕ್ಷರದಲ್ಲಿ ಬರೆದು ಫೋನಿನಲ್ಲಿ ಇಟ್ಟುಕೋ. ಬಾಯಲ್ಲಿ ಹೇಳೋಕೆ ಹೋಗಬೇಡ. ಆ ಭಾಷೆಯಲ್ಲಿ ರಾಗ ತಪ್ಪಿದರೆ ಅರ್ಥ ತಪ್ಪುತ್ತದೆ. ಮಹಾಪ್ರಾಣ ತಪ್ಪಿದರೂ ಅಷ್ಟೇ. ಕೋಳಿಗೆ ಕೈ, ಮೊಟ್ಟೆಗೆ ಖೈ, ಉಸಿರು ಒತ್ತುವುದರಲ್ಲಿ ಮಾತ್ರ ವ್ಯತ್ಯಾಸ. ಮೊಟ್ಟೆ ಬೇಡ ಅಂತ ಹೇಳಿ ನಾನು ಕೋಳಿ ಬೇಡ ಅಂದಿದ್ದೆ. ಮೊಟ್ಟೆ ಬಂತು.

ಮಾವಿನ ಹಣ್ಣಿನ ಜೊತೆ ಅಂಟಕ್ಕಿ ಅನ್ನ, ಮೇಲೆ ತೆಂಗಿನ ಹಾಲು. ಖಾವ್ ನಿಯಾವ್ ಮಮುವಾಂಗ್. ಇದನ್ನು ಮೂವರೂ ತಿನ್ನಿ. ನಮ್ಮ ಕಾಯಿಹಾಲಿಗೆ ಕಣ್ಣು ಮುಚ್ಚಿಕೊಂಡು ಒಗ್ಗುವ ರುಚಿ. ರಾತ್ರಿ ಒಂದು ಹೊತ್ತು ರೂಮಿನಲ್ಲೇ ಅವಲಕ್ಕಿ ಕಲೆಸಿಕೊಂಡರೆ ಅತ್ತಿಗೆಗೆ ನೆಮ್ಮದಿ. ಚಟ್ನಿಪುಡಿ ಕೊಡುತ್ತೇವೆ. ಮೊಸರು ಸೆವೆನ್ ಇಲೆವನ್ ಅಂಗಡಿಯಲ್ಲಿ ಸಿಗುತ್ತದೆ, ಅದು ಮೂಲೆಮೂಲೆಗೂ ಇದೆ. ಸಿಹಿ ಹಾಕಿದ್ದಲ್ಲ ತಾನೇ ಅಂತ ನೋಡಿ ತಗೋ.

ಶನಿವಾರ ಬೆಳಿಗ್ಗೆ ವಾಟ್ ತ್ರೈಮಿತ್. ಒಂದು ದೊಡ್ಡ ಗಾರೆಯ ಬುದ್ಧ ಇತ್ತಂತೆ, ಯಾರೂ ಹೆಚ್ಚು ಲೆಕ್ಕಕ್ಕಿಟ್ಟಿರಲಿಲ್ಲ. 1955ರಲ್ಲಿ ಬೇರೆ ಜಾಗಕ್ಕೆ ಎತ್ತುವಾಗ ಕೆಳಗೆ ಬಿತ್ತು, ಗಾರೆ ಬಿರುಕು ಬಿಟ್ಟಿತು. ಒಳಗೆ ಚಿನ್ನ. ಸುಮಾರು 5.5 ಟನ್ ತೂಕದ ಬುದ್ಧ. ಅಲ್ಲಿಂದ ಚೀನಾ ಬೀದಿ ದಾಟಿದರೆ ಫಹುರತ್, ಬಟ್ಟೆ ಪೇಟೆ. ಬಹುರತ್ನ ಅನ್ನುವ ಹೆಸರು ಹೀಗಾಗಿದೆ. ನನ್ನ ಐದು ವರ್ಷದ ಅರ್ಧ ಭಾನುವಾರಗಳು ಕಳೆದದ್ದು ಅಲ್ಲೇ. ಸಿಖ್ಖರ ಅಂಗಡಿ, ಅವರ ಚಿನ್ನದ ಗುಮ್ಮಟದ ಗುರುದ್ವಾರ. ಊರಿನ ನೆನಪಾದಾಗ ಹೋಗಿ ಅಲ್ಲಿನ ಲಂಗರಿನಲ್ಲಿ ದಾಲು ರೊಟ್ಟಿ ಉಂಡು ಬರುತ್ತಿದ್ದೆ. ಯಾರು ನೀನು ಅಂತ ಒಬ್ಬರೂ ಕೇಳಲಿಲ್ಲ. ಅತ್ತಿಗೆಗೆ ಬಟ್ಟೆ ಕೊಳ್ಳುವ ಆಸೆಯಾದರೆ ಕೊಳ್ಳಲಿ, ಅವಸರ ಮಾಡಬೇಡ. ಚೌಕಾಸಿ ಅವರೇ ಮಾಡುತ್ತಾರೆ, ಭಾಷೆ ಬೇಕಾಗಲ್ಲ.

ಭಾನುವಾರ ನಿಮ್ಮಿಬ್ಬರದು. ಅತ್ತಿಗೆಯನ್ನು ಸೀಲೊಮ್ ರಸ್ತೆಯ ಮಾರಿಯಮ್ಮನ ಗುಡಿಗೆ ಕರೆದುಕೊಂಡು ಹೋಗಿ, ತಮಿಳರು ಕಟ್ಟಿದ್ದು, ಥಾಯ್ ಹುಡುಗಿಯರು ತೆಂಗಿನಕಾಯಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಆಮೇಲೆ ಅವರು ರೂಮಿನಲ್ಲಿ ಮಲಗಲಿ. ನೀವಿಬ್ಬರೂ ಚತುಚಕ್ ಸಂತೆಗೆ ಹೋಗಿ ಸುತ್ತಿ. ಶನಿವಾರ, ಭಾನುವಾರ ಮಾತ್ರ ಪೂರ್ತಿ ಇರುತ್ತದೆ. ಸಾವಿರಗಟ್ಟಲೆ ಅಂಗಡಿ, ದಾರಿ ತಪ್ಪುವುದು ಖಂಡಿತ, ನಡುವೆ ಒಂದು ಗಡಿಯಾರದ ಕಂಬ ಇದೆ, ಅದರ ಹತ್ತಿರ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಬುದ್ಧನ ವಿಗ್ರಹ ಕೊಳ್ಳಬೇಡಿ. ದೇಶದಿಂದ ಹೊರಗೆ ತರಲು ಪರವಾನಗಿ ಬೇಕು.

ಹೊಡೆದು ಹಾಕಿದವಲ್ಲಿ ನಿನಗೆ ಬೇಜಾರಾಗುವಂಥವು ಎರಡು ಮೂರಿರಬಹುದು. ತೇಲುವ ಸಂತೆ, ದಮ್ನೊಯೆನ್ ಸದುವಕ್, ಊರಿನಿಂದ 100 ಕಿಲೋಮೀಟರ್. ಹೋಗಿ ಬರೋದರಲ್ಲೇ ಅರ್ಧ ದಿನ. ಈಗ ಅಲ್ಲಿ ಪ್ರವಾಸಿಗರು ಪ್ರವಾಸಿಗರ ಫೋಟೋ ತೆಗೆಯುತ್ತಿರುತ್ತಾರೆ. ಪಟ್ಟಾಯ ಅಂತೂ ಅತ್ತಿಗೆ ಜೊತೆ ಯಾಕೆ ಬರೆದೆಯೋ ಗೊತ್ತಾಗಲಿಲ್ಲ. ಹುಲಿಯ ಜೊತೆ ಫೋಟೋ ನನಗೆ ಇಷ್ಟವಿಲ್ಲ, ಅದರ ಕಣ್ಣು ನೋಡಿದರೆ ಗೊತ್ತಾಗುತ್ತದೆ. ಅಯುತ್ಥಯ ಹೊಡೆಯುವಾಗ ಮಾತ್ರ ಪೆನ್ ನಿಂತಿತು. ಅಯೋಧ್ಯೆ ಅಂತಲೇ ಅರ್ಥ. 1351ರಿಂದ 1767ರವರೆಗೆ ಅವರ ರಾಜಧಾನಿ, ಬರ್ಮಾದವರು ಸುಟ್ಟು ಹಾಕಿದ ಊರು, ನಮ್ಮ ಹಂಪಿ ಇದ್ದ ಹಾಗೆ. ಅದಕ್ಕೆ ಒಂದು ಪೂರ್ತಿ ದಿನ ಬೇಕು, ಬಿಸಿಲಲ್ಲಿ ನಡೆಯುವ ಕಾಲು ಬೇಕು. ನೀವಿಬ್ಬರೇ ಇನ್ನೊಂದ್ಸಲ ಹೋಗಿ.

ಸಣ್ಣಪುಟ್ಟದ್ದು: ಮಕ್ಕಳು ಮುದ್ದಾಗಿವೆ ಅಂತ ತಲೆ ಮುಟ್ಟಬೇಡಿ. ಭಿಕ್ಷುಗಳನ್ನು ಹೆಂಗಸರು ಮುಟ್ಟುವ ಹಾಗಿಲ್ಲ, ದೋಣಿಯಲ್ಲಿ ಪಕ್ಕ ಕೂರುವಾಗ ನಿನ್ನ ಹೆಂಡತಿಗೆ ಹೇಳಿಡು. ಮಾಲುಗಳಲ್ಲಿ ಎಸಿ ಕೊರೆಯುತ್ತದೆ, ಅತ್ತಿಗೆಗೆ ಶಾಲು.

ಅತ್ತಿಗೆ ಪಾಸ್‌ಪೋರ್ಟಿನ ಫೋಟೋ ನೋಡಿ ‘ಕಳ್ಳಿ ಥರ ಕಾಣ್ತೀನಿ’ ಅಂದರಂತೆ. ನಿನ್ನ ಚಿಕ್ಕಮ್ಮ ಒಂದು ಗಂಟೆ ನಕ್ಕಳು. ಚಟ್ನಿಪುಡಿ ಗುರುವಾರಕ್ಕೆ ತಯಾರಾಗುತ್ತದೆ. ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಡ್ರೈವರ್ ಪರಿಚಯದವನೇ, ಅವನ ಕೈಯಲ್ಲಿ ಕಳಿಸುತ್ತೇನೆ. ಬೆಳಿಗ್ಗೆ ಮೆಜೆಸ್ಟಿಕ್‌ಗೆ ಹೋಗಿ ತಗೋ. ಹೊಸ ಹೋಟೆಲಿನ ಹೆಸರು ಕಳಿಸು, ಸ್ಟೇಷನ್ ಎಷ್ಟು ದೂರ ಅಂತ ನಾನೂ ಒಮ್ಮೆ ನೋಡುತ್ತೇನೆ. ಆ ಹನುಮಂತನ ಮುಂದೆ ಅತ್ತಿಗೆಯ ಫೋಟೋ ಒಂದು ತೆಗೆದು ಕಳಿಸು, ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತೇನೆ. ಅಣ್ಣನಿಗೆ ತೋರಿಸಬೇಕು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಚಿಕ್ಕಪ್ಪ